ಪೂರ್ವಕ್ಕೆ ಧೂಳ್ಯಾ

ವಂಶಾವಳಿಗೆ ನಾಲ್ಕು ತಲೆ ಸಾಕು,
ಐದನೆಯದಕ್ಕೆ ಫಾರ್ಮಿನಲ್ಲಿ ಖಾನೆ ಇಲ್ಲ ಅಂದ
ಭಾಲ್ಕಿಯ ತಲಾಠಿ, ಚಹಾದ ಬಶಿ ಕೆಳಗಿಡುತ್ತ.
ಅಣ್ಣನಿಗೆ ಅಷ್ಟೇ ಬೇಕಿತ್ತು. ಸಹಿ ಹಾಕಿ ಬಸ್ಸು ಹತ್ತಿದ.
ನಾನು ಉಳಿದೆ.

ಮುತ್ಯಾನ ಮುತ್ಯಾ ಒಬ್ಬ ಇದ್ದನಲ್ಲ,
ಆಯಿ ಜೋಳ ಕೇರುವಾಗ ಮೊರದ ಸದ್ದಿನ ನಡುವೆ
ಒಮ್ಮೆ ಅಂದಿದ್ದಳು: ಧೂಳ್ಯಾ.
ಕುದುರೆ ಇತ್ತು ಅಂದಳು.
ಮರುವರ್ಷ ಕೇಳಿದರೆ, ಎಲ್ಲಿಯ ಕುದುರೆ, ಹುಚ್ಚಿ, ಅಂದಳು.

ಬೀದರಿನ ದಫ್ತರಖಾನೆಯಲ್ಲಿ
ಕೆಂಪು ಬಟ್ಟೆಯ ಗಂಟುಗಳು, ಗಂಟಿಗೊಂದು ಫಸಲಿ.
ಸಾವಿರದ ಇನ್ನೂರಾ ತೊಂಬತ್ತೊಂದನ್ನು ಬಿಚ್ಚಿದರೆ
ಬೇವಿನೆಲೆಯ ಪುಡಿ, ಇಲಿ ತಿಂದ ಅಂಚು,
ಒಂದು ಪುಟ ಫಾರಸಿ, ಒಂದು ಪುಟ ಮೋಡಿ.
ಎರಡೂ ನನಗೆ ಬಾರವು.

ಓದಿದವರು ಖಮರುನ್ನಿಸಾ ಟೀಚರ್,
ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು:
ದಾಲ್, ಹೇ, ವಾವ್, ಲಾಮ್, ಯೇ, ಅಲಿಫ್.
"ಧೋಲ್ಯಾ ಅಂತ ಓದ್ರಿ, ಧೌಲ್ಯಾ ಅಂತ ಓದ್ರಿ, ನಡೀತದ.
ಳ ಅನ್ನೋದು ಈ ಲಿಪಿಯಾಗ ಇಲ್ಲೇ ಇಲ್ಲ.
ಜೇರ್ ಜಬರ್ ಒಂದೂ ಹಾಕಿಲ್ಲ ನೋಡ್ರಿ,
ಬರದಾವಗ ಊಟಕ್ಕ ಹೊತ್ತಾಗಿತ್ತೋ ಏನೋ."

ಅವನದೇ ಹಾಳೆ ಇಲ್ಲ.
ನಂಬರ್ ಅರವತ್ಮೂರರ ಬೆನ್ನಿಗೆ ಅರವತ್ತೈದು,
ನಡುವೆ ಹೊಲಿಗೆ ದಾರದ ಒಂದು ತುಂಡು.
ನೆರೆಯವರ ಹಾಳೆಗಳಲ್ಲಿ ಮಾತ್ರ ಅವನಿದ್ದ:
ಮಾರುತಿ ವಲ್ದ್ ಗಡ್ಡೆಪ್ಪನ ಹೊಲದ ಪೂರ್ವಕ್ಕೆ ಧೂಳ್ಯಾ,
ಲಾಡಲೇಸಾಬನ ಮಾವಿನ ಬನದ ದಕ್ಷಿಣಕ್ಕೆ ಧೂಳ್ಯಾ,
ಗಂಗವ್ವ ಕೋಂ ಈರಗೊಂಡ, ರಂಡೆ ಎಂದು ಬರೆದಿದ್ದರು,
ಅವಳ ಮೂರು ಎಕರೆ ಹದಿನಾರು ಗುಂಟೆಯ ಪಶ್ಚಿಮಕ್ಕೆ.
ನಾಲ್ಕನೆಯ ದಿಕ್ಕಿಗೆ ಹಳ್ಳ.
ಹಳ್ಳಕ್ಕೆ ಖಾತೆ ಇರುವುದಿಲ್ಲ.

ಟಿಕೆಟ್ಟಿನ ಬೆನ್ನಿಗೆ ಪೆನ್ಸಿಲಿನಲ್ಲಿ
ಮೂರು ಗೆರೆ ಎಳೆದು, ಹಳ್ಳಕ್ಕೊಂದು ಸೊಟ್ಟ ಗೆರೆ ಎಳೆದೆ.
ನಡುವೆ ಉಳಿದ ಬಿಳಿಯಲ್ಲಿ ಏನು ಬರೆಯಲಿ?
ಕಡಲೆಯೇ? ಬಿಳಿಜೋಳವೇ?
ಒಂಟಿ ಜಾಲಿಯ ನೆರಳೇ?
ಬುತ್ತಿ ತಂದವಳು ಯಾವ ಬದುವಿನ ಮೇಲೆ ಬಂದಳು?
ಅವಳ ಹೆಸರಂತೂ ಯಾರ ಅಂಚಿನಲ್ಲೂ ಇಲ್ಲ.

ಆಮೇಲೆ ಸಿಕ್ಕಿತು ದಂಡದ ಪಟ್ಟಿ.
"ಧೂಳ್ಯಾ. ಎತ್ತು ಪರರ ಕಡಲೆ ಹೊಕ್ಕಿದ್ದಕ್ಕೆ
ಆರಾಣೆ, ಹಾಲಿ ಸಿಕ್ಕಾ."
ಎತ್ತಿಗೆ ಎರಡು ಸಾಲು:
ಎಡಗೊಂಬು ಮೊಂಡು, ಹಣೆಯಲ್ಲಿ ಬಿಳಿ ಚುಕ್ಕೆ,
ಬಾಲದ ಕುಚ್ಚು ಅರ್ಧ, ಹಲ್ಲು ನೋಡಿ ವಯಸ್ಸು ಏಳು.
ಮನುಷ್ಯನ ಹಲ್ಲನ್ನು ಯಾರೂ ನೋಡಿರಲಿಲ್ಲ.
ಟೀಚರ್ ನಕ್ಕರು. ನನಗೂ ತಡೆಯಲಾಗಲಿಲ್ಲ.
ಸಿಪಾಯಿ ನಿದ್ದೆಯಿಂದೆದ್ದು, ಏನ್ ಸಿಗ್ತು ಅಂತ ಕೇಳಿದ.
ಎತ್ತು ಸಿಗ್ತು, ಅಂದೆ.

ಮೋಡಿ ಪುಟದ ಫೋಟೋ ಉದಗೀರಿಗೆ ಕಳಿಸಿದೆ.
ಮೂರನೆಯ ದಿನ ಮುದುಕರೊಬ್ಬರ ಕೆಮ್ಮು, ಮೊಬೈಲಿನಲ್ಲಿ:
ಬಾಯಿ, ಕೆಳಗೆ ನೋಡಿರಿ, ನಿಶಾನಿ ನಾಂಗರ.
ನೋಡಿದೆ. ಮಸಿಕಲೆ ಅಂದುಕೊಂಡಿದ್ದೆ,
ಉಗುರಿನಷ್ಟು ಒಂದು ನೇಗಿಲು.
ಈಸು ಇದೆ, ಕುಳ ಇದೆ, ಮೇಳಿ ಎಡಕ್ಕೆ ವಾಲಿದೆ.
ಉಳಿದ ರೈತರವೆಲ್ಲ ಬಲಕ್ಕೆ.
ಗುಮಾಸ್ತನೇ ಗೀಚುತ್ತಿದ್ದ ಅಂತಾರೆ, ಎಲ್ಲರ ಪರವಾಗಿ.
ಹಾಗಿದ್ದರೆ ಇವನೊಬ್ಬನದು ಯಾಕೆ ಹೀಗೆ?
ಲೆಕ್ಕಣಿಕೆ ಕಸಿದುಕೊಂಡು, ತಾ ಇಲ್ಲಿ, ನಾನೇ, ಅಂದನೇ?
ಹೊರಗೆ ಎತ್ತು ಕೂಗಿ ಗುಮಾಸ್ತನ ಕೈ ಜಾರಿತೇ?
ಹೊರಳಿಸಿ ಹೊರಳಿಸಿ ನೋಡಿದೆ.
ಕಾಗದದ ಆ ಕಡೆಗೂ ಒತ್ತು ಮೂಡಿತ್ತು.

ಇವತ್ತು ಭಾಲ್ಕಿಗೆ ಹೋಗಿ ನಕಲು ತಂದೆ.
ನಾಲ್ಕು ತಲೆ, ಸರ್ಕಾರಿ ಮುದ್ರೆ.
ಕೊನೆಯ ಸಾಲಿನಲ್ಲಿ ನಾನು, ಮಹಾನಂದಾ,
ತುದಿಯ ದೀರ್ಘ ಬಿಟ್ಟು ಮಹಾನಂದ ಆಗಿದ್ದೇನೆ.
ತಿದ್ದಿಸ್ರಿ, ಅರ್ಜಿ ಕೊಡ್ರಿ, ಐವತ್ತು ರೂಪಾಯಿ, ಅಂದ.
ಇರಲಿ ಬಿಡಪಾ.
ನೂರೈವತ್ತು ವರ್ಷದ ಮ್ಯಾಲೆ ಯಾವಕಿಯೋ ಒಬ್ಬಾಕಿ
ಭೂತಗನ್ನಡಿ ಹಿಡಕೊಂಡು ಕುಂತು
ಪಕ್ಕದಾಕಿ ಕೂಡ ಜಗಳಾಡಲಿ,
ಇವ ಯಾಂವ, ಏನ್ ಬೆಳೀತಿದ್ದ ಅಂತ.