ಕಣ್ಣು ಬಿಡದ ಹಣ್ಣು

ಸಂತೇಪೇಟೆಯ ತಿರುವಿನಲ್ಲಿ ಪಾಲಕ್ಕನ ಪುಟ್ಟಿ.
ಜೋಗಿಮಟ್ಟಿಯ ಬುಡದಿಂದ ಬೆಳಗಿನ ಜಾವಕ್ಕೇ
ಇಳಿದುಬಂದ ಸೀತಾಫಲ, ಇನ್ನೂ ಕಲ್ಲು.
ಅವಳೆದುರು ಕುಕ್ಕರುಗಾಲಲ್ಲಿ ಕೂತು ಚೀಲ ಬಿಚ್ಚಿದೆ:
ಮಂಜು ಕವಿದ ಗಾಜಿನಂಥ ಹಾಳೆ,
ನೂಲಿಗಿಂತ ತೆಳು, ಒಳಗೆ ಅರೆದು ಬೆರೆಸಿದ ಜೇಡಿ.

"ಮಣ್ಣಾ?" ಅಂದಳು, ಬೆರಳಲ್ಲಿ ಉಜ್ಜಿ.
"ಮಣ್ಣೇ ಅಕ್ಕ. ಹಣ್ಣು ಬಿಡೋ ಗಾಳೀನ ಹೀರ್ಕೊಳ್ಳುತ್ತೆ."
"ಯಾವ ಗಾಳಿ?"
ಎಥಿಲೀನ್ ಎಂಬ ಪದ ನಾಲಗೆಯ ತುದಿಯಲ್ಲೇ ನಿಂತಿತು.
ಅವಳೇ ಅಂದಳು: "ಓ, ಅದಾ.
ಒಂದು ಹಣ್ಣು ಪಕ್ಕದ್ದರ ಕಿವೀಲಿ ಊದ್ತೈತಲ್ಲ,
ನಾನಾದೆ, ನೀನೂ ಆಗು ಅಂತ."

ಅವಳಿಗೆ ಗೊತ್ತಿದ್ದುದೆಲ್ಲ ಇದರ ತಿರುವುಮುರುವು:
ರಾಗಿಹುಲ್ಲಲ್ಲಿ ಅಡೆ ಹಾಕಿ ಗೋಣಿ ಮುಚ್ಚುವುದು,
ರಾತ್ರಿ ಎದ್ದು, ಹಿಚುಕದೆ, ಹೆಬ್ಬೆರಳಲ್ಲಿ ಕೇಳುವುದು.
ಮೊದಲ ದಿನ ಕಲ್ಲು, ಮರುದಿನ ಕಣ್ಣು,
ಮೂರನೆಯ ಸಂಜೆ ಆಟೋ ಸ್ಟ್ಯಾಂಡಿನ ಹುಡುಗರಿಗೆ,
ಉಳಿದದ್ದು ಬಿಳಿ ಮೇಕೆಗೆ.
ಮೂವತ್ತು ವರ್ಷ ಹಣ್ಣಿನ ಹಿಂದೆ ಓಡಿದವಳು.

ಇಪ್ಪತ್ತು ಚೀಲ, ಚೀಲಕ್ಕೆ ನಾಲ್ಕು.
ಪೆನ್ಸಿಲಿನಲ್ಲಿ ತಾರೀಕು ಬರೆದುಕೊಟ್ಟು ಬಂದೆ.
ಐದನೆಯ ದಿನ: ಗಟ್ಟಿ.
ಏಳನೆಯ ದಿನ: ಗಟ್ಟಿ.
ಎಂಟನೆಯ ದಿನ ಪಾಲಕ್ಕನೇ ಇಲ್ಲ.

ಪಕ್ಕದ ನಿಂಬೆಹಣ್ಣಿನ ಜಬೀನಾ ನಕ್ಕಳು:
"ಮನೇಲಿ ಮಲಗ್ಯಾಳೆ ಕಣ್ರೀ. ಕಾಯಿಲೆ ಗೀಯಿಲೆ ಅಲ್ಲ, ಸುಮ್ನೆ.
ಇವತ್ತು ಹಣ್ಣೇ ಕಾಯ್ತಾವಂತೆ, ಅವಳಿಗೆ."

ನನ್ನ ಪಟ್ಟಿಯಲ್ಲಿ ಬಣ್ಣಕ್ಕೊಂದು ಕಾಲಂ,
ತೂಕಕ್ಕೊಂದು, ವಾಸನೆಗೊಂದು.
ಹಗಲು ನಿದ್ದೆಗೆ ಇರಲಿಲ್ಲ.
ಅಂಚಿನಲ್ಲಿ ಬರೆದೆ. ಆಮೇಲೆ ಅಳಿಸಿದೆ.

ಒಂಬತ್ತನೆಯ ಸಂಜೆ, ರೇಟು ಇಳಿಯುವ ಹೊತ್ತು,
ಇಳಿಯಲಿಲ್ಲ.
ಆಟೋ ಹುಡುಗರು ಎರಡು ಸಲ ಈ ಕಡೆ ನೋಡಿ
ಬೀಡಿ ಹಚ್ಚಿದರು.
ಮೇಕೆ ಬಂತು, ತನ್ನ ಜಾಗದಲ್ಲಿ ನಿಂತಿತು,
ಏನೂ ಬೀಳದ್ದಕ್ಕೆ ಪುಟ್ಟಿಯ ಅಂಚು ನೆಕ್ಕಿತು,
ಬಿದ್ದಿದ್ದ ಚೀಲವೊಂದಕ್ಕೆ ಬಾಯಿ ಹಾಕಿತು.

ಪಾಲಕ್ಕ ದಡಬಡಿಸಿ ಎದ್ದು ಅದರ ದವಡೆ ಬಿಡಿಸಿ
ಬೆರಳು ಕಚ್ಚಿಸಿಕೊಂಡು ಹಾಳೆ ಎಳೆದಳು,
ಸೆರಗಿಗೆ ಒರೆಸಿ ಮಡಚಿ ನನ್ನ ಕೈಗಿಟ್ಟಳು.
ಇನ್ನೊಂದು ಚೀಲದ ಬಾಯಿ ಕೊಯ್ದು
ನಾಲ್ಕರಲ್ಲಿ ಒಂದನ್ನು ಹೊರಗೆ ತೆಗೆದು
ಬಿಸಿಲಿಗೆ ಕಾದಿದ್ದ ಚಪ್ಪಡಿಯ ಮೇಲೆ,
ತೊಟ್ಟು ಕೆಳಗಾಗಿ, ಬಯಲ ಗಾಳಿಗೆ ಇಟ್ಟಳು.

"ನಾಳೆ ಬಾ," ಅಂದಳು ಮೇಕೆಗೆ.