ಗೊಂಬೆಯ ಬಾಯಿ

ಜೆಪ್ಪುವಿನ ಹಂಚಿನ ಕಾರ್ಖಾನೆ ಮುಚ್ಚಿದ ಮೇಲೆ
ಅದರ ಸಂಬಳ ಕೊಡುವ ಕೋಣೆ ಬಾಲವಾಡಿಯಾಯಿತು.
ಕಿಟಕಿಗೆ ಇನ್ನೂ ಕಂಬಿ, ಕಂಬಿಯ ಕೆಳಗೆ
ಅಪ್ಪಂದಿರು ಕೈ ಚಾಚುತ್ತಿದ್ದ ಅರ್ಧಚಂದ್ರದ ತೂತು.
ಅದರಲ್ಲಿ ನಾವು ಉಪ್ಪಿಟ್ಟಿನ ತಟ್ಟೆ ದಾಟಿಸುತ್ತಿದ್ದೆವು.

ಸೆವ್ರಿನ್ ಬಾಯಿ ನಮ್ಮ ಟೀಚರು.
ಅವರ ತಂಗಿ ಲೀಡ್ಸ್ ಎಂಬಲ್ಲಿ ನರ್ಸು.
ಎಂಬತ್ತಾರರ ಕ್ರಿಸ್ಮಸ್ಸಿಗೆ ಬಂದ ಪೊಟ್ಟಣದಲ್ಲಿ
ಸ್ವೆಟರು ಒಂದು, ಮಂಗಳೂರಿಗೆ ಸ್ವೆಟರು ಮಾರಾಯ್ರೆ,
ಮತ್ತೆ ಒಂದು ವಿಡಿಯೋ ಕ್ಯಾಸೆಟ್ಟು.
ಅಲ್ಲಿಯ ಪುಟ್ಟ ಮಕ್ಕಳು ಶಾಲೆಗೆ ಸೇರುವ ಮೊದಲು
ಮಧ್ಯಾಹ್ನದ ಊಟವಾಗಿ ನಿದ್ದೆ ಬಾರದ ಹೊತ್ತಿಗೆ ನೋಡುವಂಥದ್ದು,
ಹದಿನೈದು ನಿಮಿಷದ ಹನ್ನೊಂದು ಕಂತು.

ಟಿ.ವಿ. ಇಗರ್ಜಿಯದು.
ಶನಿವಾರ ಬಂದರಿನಿಂದ ಮೊಯ್ದಿನಬ್ಬ
ಸೈಕಲ್ ಕ್ಯಾರಿಯರಿಗೆ ವಿಸಿಆರ್ ಕಟ್ಟಿಕೊಂಡು ಬರುವರು,
ಮೇಲೆ ಅವರದೇ ಹಳೆ ಲುಂಗಿ, ಮದುಮಗಳ ಮುಸುಕಿನ ಹಾಗೆ.
ಬಾಡಿಗೆ ಕೇಳಲಿಲ್ಲ. ಮಗಳು ಅವ್ವಮ್ಮ
ನನ್ನ ಪಕ್ಕದಲ್ಲೇ ಕೂರುತ್ತಿದ್ದಳಲ್ಲ.

ಪರದೆಯಲ್ಲಿ ಉಲ್ಲನ್ನಿನ ಊರು.
ಉಲ್ಲನ್ನಿನ ಕುರಿ, ಅದು ನ್ಯಾಯವೇ.
ಆದರೆ ಉಲ್ಲನ್ನಿನ ನಾಯಿ, ಉಲ್ಲನ್ನಿನ ಅಂಚೆ ಡಬ್ಬಿ,
ಚಿಮಣಿಯಿಂದ ಏಳುವ ಹೊಗೆ ಕೂಡ ಹೆಣೆದದ್ದು.
ಕಡಲು ಮಾತ್ರ ನೀಲಿ ಬಣ್ಣದ ಪರಪರ ಕಾಗದ.
ಕಡಲ ಬದಿ ದೀಪದ ಕಂಬ, ಅದರಲ್ಲಿ ಹಸಿರು ಟೊಪ್ಪಿಯ ಅಜ್ಜ,
ಕಣ್ಣಿಗೆ ಎರಡು ಅಂಗಿ ಗುಂಡಿ.
ಬಾಯಿ ಹೊಲಿಯಲು ಮರೆತಿದ್ದರು.

"ಸ್ಪೀಕರಿಗೆ ಇರುವೆ ಹೊಕ್ಕಿದೆ ಮಕ್ಕಳೇ,
ದನಿ ಬರುವುದಿಲ್ಲ," ಎಂದರು ಸೆವ್ರಿನ್ ಬಾಯಿ.
ಮತ್ತೆ ಎಲ್ಲರ ಮಾತನ್ನೂ ತಾವೇ ಆಡಿದರು.
ಕುರಿಗೆ ಕೊಂಕಣಿ. ನಾಯಿಗೆ ಬ್ಯಾರಿ,
ಅವ್ವಮ್ಮ ನಡುನಡುವೆ ತಿದ್ದುವಳು.
ಅಂಚೆ ಡಬ್ಬಿಗೆ ಮಾತ್ರ ಪುಸ್ತಕದ ಕನ್ನಡ:
"ದಯವಿಟ್ಟು ವಿಳಾಸವನ್ನು ಸ್ಪಷ್ಟವಾಗಿ ಬರೆಯಿರಿ."
ಅಜ್ಜನಿಗೆ ತುಳು.
ಬಾಯಿ ಇಲ್ಲದವನಿಗೆ ಯಾವ ಭಾಷೆಯೂ ಬಿಗಿಯಾಗುವುದಿಲ್ಲ.

ಪ್ರತಿ ಕಂತಿನ ಕೊನೆಗೂ ಅವನು ಮೆಟ್ಟಿಲು ಹತ್ತಿ
ದುರ್ಬೀನಿನಲ್ಲಿ ಕಡಲು ನೋಡುವನು.
ನಾವು ಒಟ್ಟಿಗೆ ಕೂಗಬೇಕು:
ಮಂಜಿ ಬತ್ತ್ಂಡಾ ಅಜ್ಜೆರೆ?
ಟೊಪ್ಪಿ ಮೆಲ್ಲಗೆ ಈಚೆ ತಿರುಗುವುದು:
ಇನಿ ಇಜ್ಜಿ. ಎಲ್ಲೆ.

ಹನ್ನೊಂದು ಕಂತು, ಹನ್ನೊಂದು ಸಲ ಎಲ್ಲೆ.
ಮುಂದಿನ ಶನಿವಾರ ಮತ್ತೆ ಮೊದಲಿನಿಂದ.

ಬಾಯಿಯ ಗಂಡ ವಲೇರಿಯನ್ ಪೊರ್ಬುಗಳು
ಹಂಚು ತುಂಬಿದ ಮಂಜಿ ಹತ್ತಿ ಹೋದದ್ದು
ನಾನು ಹುಟ್ಟುವ ಮೊದಲು.
ನಮಗದನ್ನು ಯಾರೂ ಹೇಳಲಿಲ್ಲ. ಅಮ್ಮಂದಿರಿಗೆ ಗೊತ್ತಿತ್ತು,
ಆದರೆ ಬೀಡಿ ಕಟ್ಟುವವರು ಅವರು,
ಗೊತ್ತಿದ್ದದ್ದನ್ನು ಸುರುಳಿ ಸುತ್ತಿ ನೂಲು ಬಿಗಿದುಬಿಡುತ್ತಾರೆ.

ಒಂದು ದಿನ ಲೋಕಯ್ಯ,
ತಿರುಗುವಂಥದ್ದು ಯಾವುದನ್ನೂ ತಿರುಗಿಸದೆ ಬಿಡದವನು,
ಟಿ.ವಿ.ಯ ಕಿವಿ ಹಿಂಡಿದ.
ಕೋಣೆ ತುಂಬ ಗಂಡಸಿನ ದನಿ,
ಬೆಣ್ಣೆ ಸವರಿದ ಇಂಗ್ಲಿಷು.
ಮೂರೋ ನಾಲ್ಕೋ ಮಾತು ಇದ್ದಿರಬೇಕು.
ಬಾಯಿ ಎದ್ದು ಗುಂಡಿಯನ್ನು ಹಿಂದಕ್ಕೆ ತಿರುಗಿಸಿದರು.
"ಇರುವೆ," ಎಂದರು.
ನಾವು ತಲೆಯಾಡಿಸಿದೆವು.
ಮಾತಾಡುವ ಇರುವೆ ಯಾರಿಗೆ ಬೇಡ?

ಮೊನ್ನೆ ಅದು ಫೋನಿನಲ್ಲಿ ಸಿಕ್ಕಿತು,
ಯಾರೋ ಪುಣ್ಯಾತ್ಮರು ಹಳೆ ಟೇಪಿನಿಂದ ಇಳಿಸಿದ್ದು.
ತಮ್ಮನ ಮಗಳು ಪ್ರಣಮ್ಯಳನ್ನು ತೊಡೆಯಲ್ಲಿ ಕೂರಿಸಿ ಹಚ್ಚಿದೆ.
ಅದೇ ಊರು, ಈಗ ಅಂಗೈಯಗಲ.
ಬೆಣ್ಣೆಯ ದನಿ ಎಲ್ಲವನ್ನೂ ಹೇಳುತ್ತದೆ, ಯಾವುದಕ್ಕೂ ಅವಸರವಿಲ್ಲ.
ಕುರಿಗೆ ಮಾತೇ ಇಲ್ಲ, ಅಂಚೆ ಡಬ್ಬಿ ಬರೀ ಡಬ್ಬಿ.
ಅಜ್ಜ ನೋಡುತ್ತಿದ್ದದ್ದು ಮಂಜನ್ನಂತೆ,
ಮಂಜಿಯನ್ನಲ್ಲ.
ಮಂಜು ಕರಗಿದೆಯಂತೆ, ಚಹಾದ ಹೊತ್ತಾಯಿತಂತೆ.
ಕೆಟಲ್ ಇಡಲು ಇಳಿದು ಹೋದ.

ಅಷ್ಟೆಯಾ? ಎಂದೆ ನಾನು ಅವನಿಗೆ.
ಎಷ್ಟು ಶನಿವಾರ ಕೂಗಿದೆವು ನಿನ್ನನ್ನು!
ಮುಂದಿನ ಕಂತಿಗೆ ನಾನೇ ಶುರುಮಾಡಿದೆ, ಕುರಿಗೆ ಕೊಂಕಣಿ,
ನಾಯಿಗೆ ನೆನಪಿದ್ದಷ್ಟು ಬ್ಯಾರಿ.
"ಮಾಮಿ, ನೀನು ಸುಮ್ಮನಿರು," ಎಂದಳು ಮಗು,
"ಅವರು ಹೇಳ್ತಾ ಇದ್ದಾರಲ್ಲ."

ಸುಮ್ಮನಾದೆ. ಮೂರನೆಯದು, ನಾಲ್ಕನೆಯದು.
ಅಜ್ಜ ಮೆಟ್ಟಿಲು ಹತ್ತಿದ,
ದುರ್ಬೀನಿಗೆ ಗುಂಡಿಗಣ್ಣು ಒತ್ತಿದ.
ಬೆಣ್ಣೆಯ ದನಿ ಉಸಿರೆಳೆದುಕೊಳ್ಳುವ ಅಷ್ಟು ಚೂರು ಹೊತ್ತು
ನನ್ನ ಗಂಟಲೊಳಗೆ
ಇರುವೆ ಓಡಾಡಿತು.