ನಲವತ್ತೆಂಟು ಹಲ್ಲು

ಡಾಕ್ಟರ್ ಇರಾವತಿ ಆಪಟೆ ಕಾರಿನಿಂದ ಇಳಿಯಲಿಲ್ಲ,
ಬಾವಿಯಿಂದ ಹತ್ತಿದಂತೆ ಹೊರಬಂದರು.
ಅಷ್ಟು ತಗ್ಗು ಆ ಹಳೆಯ ಎಂ.ಜಿ.
ಒಳಗೆ ಕುಂತರೆ ನಾನಾ ಪೇಟೆಯ ನಾಯಿಗಳಿಗೂ ನಮಗೂ
ಕಣ್ಣು ಸರೀ ಸಮ.

ಕೈಯಲ್ಲಿ ಗೋಣಿಚೀಲ, ಚೀಲದಲ್ಲಿ ಇನ್ನೊಂದು ಸ್ಟೀರಿಂಗು.
ಬುಧವಾರದ ಜೂನಾ ಬಜಾರಿನಲ್ಲಿ
ಸೂಜಿಯಿಲ್ಲದ ಹೊಲಿಗೆ ಯಂತ್ರದ ಪಕ್ಕ ಬಿದ್ದಿತ್ತಂತೆ.
ಆರುನೂರು ಹೇಳಿ ನಾನೂರಕ್ಕೆ ಕೊಟ್ಟನಂತೆ.
ಚರ್ಮ ಸುತ್ತಿದ ಹಿಡಿಕೆ,
ಮುಷ್ಟಿ ತುಂಬುವಷ್ಟು ದಪ್ಪ.

'ಇದನ್ನ ಕೂಡ್ರಸ್ರಿ ಮಾಸ್ತರ' ಅಂದರು,
ಜಮಖಂಡಿಯ ಅಜ್ಜಿಯಿಂದ ಬಂದ ಕನ್ನಡದಲ್ಲಿ.
'ಮೂವತ್ತೆಂಟು ವರ್ಷ ಮಂದಿ ಹಲ್ಲು ಕಿತ್ತೀನಿ.
ಈಗ ಹೆಬ್ಬೆರಳು ಸೇಡು ತೀರಿಸ್ಕೊಳ್ಳಾಕತ್ತಾವ.'
ಹಳೆಯ ಚಕ್ರ ಬಳೆಯಷ್ಟು ತೆಳ್ಳಗೆ, ಕಲ್ಲಿನಷ್ಟು ಬಿರುಸು.
ಅದನ್ನು ಅವರು ಹಿಡಿಯುತ್ತಿರಲಿಲ್ಲ,
ಅಂಗೈಯಿಂದ ದಬ್ಬುತ್ತಿದ್ದರು.

ತಮ್ಮನ ಮಗ ಸಾರಂಗನ ಫೋನು ಬಂತು.
ಅಸಲಿ ಚಕ್ರ ತೆಗೆದರೆ ರ‍್ಯಾಲಿಯಲ್ಲಿ ಅಂಕ ಕಡಿತವಂತೆ.
'ಕಟ್ಟಿಸಿದ ಹಲ್ಲಿಲೆ ಉಂಡ್ರ
ಅದು ಊಟ ಅಲ್ಲೇನೋ?' ಅಂದು ಇಟ್ಟುಬಿಟ್ಟರು.

ರಾತ್ರಿಯಿಡೀ ಡೀಸೆಲ್ ಕುಡಿಸಿದೆ.
ನಟ್ಟು ಪೂರ್ತಿ ಬಿಚ್ಚಬಾರದು.
ಎರಡು ಸುತ್ತು ಉಳಿಸಿ ಎಳೆಯಬೇಕು,
ಇಲ್ಲದಿದ್ದರೆ ಚಕ್ರ ಒಮ್ಮೆಲೇ ಕಿತ್ತು ಮುಖಕ್ಕೆ ಬರುತ್ತದೆ.
ಇದನ್ನು ಕಲಿಸಿದ ಬಾಬುಮಿಯಾ ಉಸ್ತಾದರ ಮೂಗು
ಸೊಟ್ಟಗಿತ್ತು.

ಆಯಿಲ್ ಡಬ್ಬದ ಮೇಲೆ ಕುಂತು ನೋಡುತ್ತಿದ್ದರು ಡಾಕ್ಟರು.
'ಜಗ್ಗಬ್ಯಾಡ್ರಿ. ಅಲುಗಾಡಸ್ರಿ.
ಬೇರು ಬಿಡೂದು ಅಲುಗಾಟಕ್ಕ, ಜಗ್ಗಾಟಕ್ಕಲ್ಲ.'
ಮಂದಿ ನನಗೆ ಕಲಿಸಬಂದರೆ ಸಿಟ್ಟು ಬರುತ್ತದೆ.
ಆದರೂ ಅಲುಗಾಡಿಸಿದೆ.
ಟಕ್.

ಕಂಬದ ತುದಿಯಲ್ಲಿ ಸಣ್ಣ ಸಣ್ಣ ಹಲ್ಲು.
ಅವರು ಕನ್ನಡಕ ಏರಿಸಿ ಎಣಿಸಿದರು,
ನಾನೂ ಎಣಿಸಿದೆ. ನಲವತ್ತೆಂಟು.
ಗೋಣಿಚೀಲದ ಚಕ್ರಕ್ಕೆ ಮೂವತ್ತಾರು.
'ದವಡಿ ಕೂಡಂಗಿಲ್ಲ' ಅಂದರು, ಖುಷಿಯಲ್ಲಿ,
ಕಷ್ಟದ ರೋಗಿ ಸಿಕ್ಕಂತೆ.

ಎರಡು ದಿನ ಲೇತಿನ ಮುಂದೆ.
ಉಕ್ಕಿನ ಗಟ್ಟಿಯೊಂದನ್ನು ತಿರುವಿ, ಕೊರೆದು,
ಒಂದೊಂದೇ ಹಲ್ಲು ಕಡಿದೆ.
ಮೂವತ್ತನೆಯದಕ್ಕೆ ಕರೆಂಟು ಹೋಯಿತು.
ಕೈಯಲ್ಲಿ ನೀಲಿ ಸುರುಳಿ ಚೂರು ಹಿಡಿದು ಕತ್ತಲಲ್ಲಿ ಕುಂತೆ.
ಎದುರಿನ ಅಂಗಡಿಯವ ಯಾರಿಗೋ
ಟ್ರಕ್ಕಿನ ಬೇರಿಂಗು ಅರ್ಧ ಬೆಲೆಗೆ ಅನ್ನುತ್ತಿದ್ದ.

ಕೂಡಿಸಿದ್ದು ಶನಿವಾರ ಸಂಜೆ.
ದಿವೆ ಘಾಟಿಗೆ ಕರೆದೊಯ್ದರು, ನನ್ನನ್ನು ಪಕ್ಕಕ್ಕೆ ಕೂಡ್ರಿಸಿಕೊಂಡು.
ಮೊದಲ ತಿರುವಿಗೇ
'ಮಾಸ್ತರ, ಒಂದು ಹಲ್ಲು ಎಡಕ್ಕದ.'
ಇಲ್ಲ ಅಂದೆ. ಎರಡನೆಯ ತಿರುವಿಗೂ ಇಲ್ಲ ಅಂದೆ.
ಮೂರನೆಯದಕ್ಕೆ ರಸ್ತೆ ನೆಟ್ಟಗಾದಾಗ ನೋಡಿದೆ,
ಚಕ್ರ ಕೊರಳು ವಾಲಿಸಿತ್ತು, ಕೂದಲೆಳೆಯಷ್ಟು.
ಘಾಟಿಯ ಅಂಚಿನಲ್ಲೇ ಬಿಚ್ಚಿ, ಒಂದು ಹಲ್ಲು ಸರಿಸಿ ಬಿಗಿದೆ.
ಕೆಳಗೆ ಸಾಸವಾಡದ ದೀಪಗಳು ಹತ್ತಿಕೊಳ್ಳುತ್ತಿದ್ದವು.
ಇಳಿಜಾರಿನಲ್ಲಿ ಅವರು ಹೆಬ್ಬೆರಳು ಬಗ್ಗಿಸಿ
ಪೂರಾ ಮುಷ್ಟಿಯಲ್ಲಿ ಹಿಡಿದಿದ್ದರು.
ಮಾತಾಡಲಿಲ್ಲ.

ಹಳೆಯ ಚಕ್ರಕ್ಕೆ ಕಾಟನ್ ವೇಸ್ಟ್ ಸುತ್ತಿ ಕೊಟ್ಟೆ.
'ನಾವೂ ಹಿಂಗ. ಕಿತ್ತದ್ದು ರೋಗಿ ಕೈಗೇ' ಅಂದು
ಹಣ ಎಣಿಸುತ್ತ, ತಟ್ಟನೆ ತಲೆಯೆತ್ತಿ,
'ಆ ಅನ್ರಿ' ಅಂದರು.
ನಾನು ಬಾಯಿ ತೆರೆದೆ, ಹುಡುಗನಂತೆ.
'ಎಡಗಡೆ ದವಡಿ. ಮಂಗಳವಾರ ಬರ್ರಿ.'

ಮಂಗಳವಾರ ಹೋಗಲಿಲ್ಲ. ಕೆಲಸ ಇತ್ತು ಅಂತಿಟ್ಟುಕೊಳ್ಳಿ.
ಈ ಹೊತ್ತು ಶುಕ್ರವಾರ. ಗಲ್ಲಿಯ ತುದಿಯಲ್ಲಿ ಹಾರ್ನು,
ನಾನೇ ತಂತಿ ಎಳೆದು ಕೂಡಿಸಿದ ಹಾರ್ನು,
ಬಿಟ್ಟು ಬಿಟ್ಟು ಕೂಗುತ್ತಿದೆ.
ಲೇತಿನ ಹಿಂದೆ
ನಾಲಿಗೆಯಿಂದ ಆ ಹಲ್ಲನ್ನು ಮುಟ್ಟಿ ನೋಡುತ್ತೇನೆ.
ಅಲುಗಾಡುತ್ತಿದೆ.